ಸೊನ್ನೆಯ ಮೆರವಣಿಗೆ

2018ನೆಯ ಇಸವಿ ಜನವರಿ 6, ಶನಿವಾರ. ಅಮೆರಿಕೆಯ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಅಂದು ಮೂಳೆ ಕೊರೆಯುವ ಚಳಿ. ಈರೀ ಸರೋವರದ ಮೇಲಿಂದ ಬೀಸುವ ಗಾಳಿಗೆ ಎದುರಾಗಿ ಸಾವಿರಾರು ಮಂದಿ, ಕಿತ್ತಳೆ ಮತ್ತು ಕಂದು ಬಣ್ಣದ ಉಡುಪು ತೊಟ್ಟು, ತಮ್ಮ ಫುಟ್ಬಾಲ್ ತಂಡದ ಕ್ರೀಡಾಂಗಣವನ್ನು ಪ್ರದಕ್ಷಿಣೆ ಬಂದರು. ಅವರು ನಡೆದ ದಾರಿ ದೊಡ್ಡದೊಂದು ಸೊನ್ನೆ. ಊರಿನ ತಂಡವಾದ 'ಬ್ರೌನ್ಸ್' ಆ ವರ್ಷ ಆಡಿದ 16 ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಅದಕ್ಕೆಂದೇ ಈ ಉತ್ಸವ; ಅದಕ್ಕೆ ಅವರು ಇಟ್ಟ ಹೆಸರು 'ಪರಿಪೂರ್ಣ ಋತುವಿನ ಮೆರವಣಿಗೆ'. ಶವಪೆಟ್ಟಿಗೆ, ಸಮಾಧಿಶಿಲೆಗಳ ಅಣಕವೂ ಉಂಟು, ಹಸಿದವರಿಗಾಗಿ ಅನ್ನಭಂಡಾರಕ್ಕೆ ಹಣ ಕೂಡಿಸಿದ್ದೂ ಉಂಟು. ಸೋಲಿನಿಂದ ಕೆರಳಿದ ಜನ ಕಲ್ಲು ತೂರುವುದನ್ನು ನಾವು ಕಂಡಿದ್ದೇವೆ. ಹೀಗೆ ನಗುತ್ತ ಸುತ್ತು ಹಾಕುವುದು ಅದಕ್ಕಿಂತ ಕಠಿಣವಾದ ತೀರ್ಪೆಂದು ನನಗೆ ತೋರುತ್ತದೆ. ಈ ತೀರ್ಪು ಆಟಗಾರರ ಮೇಲಿನದಲ್ಲ, ಕಚೇರಿಯ ಮೇಲಿನದು.

ಅಮೆರಿಕನ್ನರು ಫುಟ್ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೇ ಹಿಡಿದು, ಎಸೆದು, ಮೈಗೆ ಮೈ ಬಡಿದು ನೆಲವನ್ನು ಗಜಗಜವಾಗಿ ಗೆಲ್ಲುವ ಆಟ ಅದು. ಚೆಂಡನ್ನು ಎಸೆಯುವ ನಾಯಕನೇ ಕ್ವಾರ್ಟರ್‌ಬ್ಯಾಕ್. ಅವನು ಒಳ್ಳೆಯವನಲ್ಲದಿದ್ದರೆ ಉಳಿದವರು ಎಷ್ಟೇ ಸಮರ್ಥರಾದರೂ ಗೆಲುವು ಕಷ್ಟ. ಕಾಲೇಜುಗಳಿಂದ ಬರುವ ಹೊಸ ಆಟಗಾರರನ್ನು ನಮ್ಮ ಐ.ಪಿ.ಎಲ್. ಹರಾಜಿನಂತೆ ಹಣ ಕೂಗಿ ಕೊಳ್ಳುವುದಿಲ್ಲ. 'ಡ್ರಾಫ್ಟ್' ಎಂಬ ಏರ್ಪಾಡಿನಲ್ಲಿ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕಡೆಯ ಸ್ಥಾನದಲ್ಲಿದ್ದವರಿಗೆ ಮೊದಲ ಸರದಿ. ಸರದಿಯನ್ನು ಇನ್ನೊಂದು ತಂಡದೊಡನೆ ವಿನಿಮಯ ಮಾಡಿಕೊಳ್ಳಲೂಬಹುದು. ಸೋತವನಿಗೆ ಬಹುಮಾನ ಕೊಡುವ ಈ ವಿಚಿತ್ರ ದಯೆಯಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿದೆ.

ಬ್ರೌನ್ಸ್ ತಂಡ ಹುಟ್ಟಿದ್ದು 1946ರಲ್ಲಿ. ಮೊದಲ ತರಬೇತುದಾರ ಪಾಲ್ ಬ್ರೌನನ ಹೆಸರೇ ತಂಡಕ್ಕೂ ಬಂದಿತು. ಅದು ಕಡೆಯ ಬಾರಿ ರಾಷ್ಟ್ರದ ಪ್ರಶಸ್ತಿ ಗೆದ್ದದ್ದು 1964ರಲ್ಲಿ. 1995ರಲ್ಲಿ ಅಂದಿನ ಮಾಲೀಕ ತಂಡವನ್ನೇ ಬಾಲ್ಟಿಮೋರ್ ನಗರಕ್ಕೆ ಒಯ್ಯುವುದಾಗಿ ಸಾರಿದಾಗ ಊರಿಗೆ ಊರೇ ಕಣ್ಣೀರಿಟ್ಟಿತು. ಹೋರಾಡಿ ಹೆಸರು, ಬಣ್ಣ, ಚರಿತ್ರೆಗಳನ್ನು ಉಳಿಸಿಕೊಂಡರು. ಮೂರು ವರ್ಷ ತಂಡವಿಲ್ಲದೆ ಕಳೆದು 1999ರಲ್ಲಿ ಹೊಸ ತಂಡವನ್ನು ಪಡೆದರು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಜನ ಊರು ಬಿಟ್ಟ ದಶಕಗಳಲ್ಲಿ ಕೈಬಿಡದೆ ಉಳಿದದ್ದು ಈ ತಂಡದ ಮೇಲಿನ ಪ್ರೀತಿಯೊಂದೇ ಎಂದರೆ ಅತಿಶಯೋಕ್ತಿಯೇನೂ ಆಗದು. ಹೊಸ ತಂಡವೋ, ಸೋಲುವುದನ್ನೇ ಕಸುಬು ಮಾಡಿಕೊಂಡಂತೆ ಸೋಲುತ್ತ ಬಂದಿತು. ಎರಡು ಮೂರು ವರ್ಷಗಳಿಗೊಮ್ಮೆ ತರಬೇತುದಾರ ಹೋಗುವನು, ಮ್ಯಾನೇಜರ್ ಹೋಗುವನು. ಮಾಲೀಕ ಹೊಸಬರನ್ನು ತಂದು ಈ ಬಾರಿ ತಾಳ್ಮೆಯಿಂದಿರುತ್ತೇವೆ ಎನ್ನುವನು.

2016ರ ಜನವರಿಯಲ್ಲಿ ಆದ ಬದಲಾವಣೆ ಮಾತ್ರ ಬೇರೆ ಜಾತಿಯದು. 2012ರಲ್ಲಿ ತಂಡವನ್ನು ಕೊಂಡಿದ್ದ ಜಿಮ್ಮಿ ಹ್ಯಾಸ್ಲಮ್ ಹಳಬರನ್ನು ಕಳುಹಿಸಿ, ಆಟಗಾರರ ಆಯ್ಕೆಯ ಅಧಿಕಾರವನ್ನು ಶಾಶಿ ಬ್ರೌನ್ ಎಂಬ ವಕೀಲನಿಗೆ ಕೊಟ್ಟ. ಜೊತೆಗೆ ಬೇಸ್‌ಬಾಲ್ ಆಟದಿಂದ ಪಾಲ್ ಡಿಪೊಡೆಸ್ಟಾ ಎಂಬಾತನನ್ನು 'ಮುಖ್ಯ ತಂತ್ರಾಧಿಕಾರಿ'ಯಾಗಿ ಕರೆತಂದ. ಇಬ್ಬರೂ ಹಾರ್ವರ್ಡಿನಲ್ಲಿ ಓದಿದವರು. ಮೈಕೇಲ್ ಲೂಯಿಸ್ 2003ರಲ್ಲಿ ಬರೆದ 'ಮನಿಬಾಲ್' ಪುಸ್ತಕವನ್ನು ಓದಿದವರಿಗೆ ಡಿಪೊಡೆಸ್ಟಾ ಅಪರಿಚಿತನಲ್ಲ. ಬಡ ತಂಡವಾದ ಓಕ್ಲೆಂಡನ್ನು ಅಂಕಿ ಅಂಶಗಳ ಬಲದಿಂದ ಶ್ರೀಮಂತರ ಸಮಕ್ಕೆ ನಿಲ್ಲಿಸಿದವರಲ್ಲಿ ಈತನೊಬ್ಬ.

ಇವರ ಯೋಚನೆ ಹುಚ್ಚಾಟವಾಗಿರಲಿಲ್ಲ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬಿಬ್ಬರು ವಿದ್ವಾಂಸರು ಡ್ರಾಫ್ಟಿನ ಹಲವು ವರ್ಷಗಳ ಲೆಕ್ಕವನ್ನು ಶೋಧಿಸಿ, 2013ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಸ್ವಾರಸ್ಯವಾದ ಸಂಗತಿಯನ್ನು ತೋರಿಸಿದ್ದರು. (ಥೇಲರ್ ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವನು.) ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ, ಮೊದಲು ಆರಿಸಲ್ಪಟ್ಟವನು ಅವನ ನಂತರ ಆರಿಸಲ್ಪಟ್ಟವನಿಗಿಂತ ಮೇಲೆನಿಸುವ ಸಂಭವ ನೂರಕ್ಕೆ 52 ಮಾತ್ರ. ನಾಣ್ಯ ಚಿಮ್ಮಿದರೂ 50 ಸಿಕ್ಕುತ್ತದೆ! ಎಂದರೆ, ದಶಕಗಳ ಅನುಭವವುಳ್ಳ ಪಾರಖಿಗಳ ಕಣ್ಣು ತಾನು ಭಾವಿಸಿರುವಷ್ಟು ಚುರುಕಲ್ಲ. ಆದ್ದರಿಂದ ಮೊದಲ ಸರದಿಗಾಗಿ ಸರ್ವಸ್ವವನ್ನು ಸುರಿಯುವವನು ಮೂಢ. ಅದನ್ನು ಮಾರಿ ಹತ್ತು ಸರದಿಗಳನ್ನು ಕೊಳ್ಳುವವನು ಜಾಣ. ಈ ಸಿದ್ಧಾಂತದ ಬೇರಿನಲ್ಲಿರುವುದು ಅಹಂಕಾರವಲ್ಲ, ವಿನಯ: ಯಾರು ಮುಂದೆ ಬೆಳಗುವರೆಂಬುದು ನಮಗೆ ತಿಳಿಯದು, ಆದ್ದರಿಂದ ಹೆಚ್ಚು ಬೀಜ ಬಿತ್ತೋಣ ಎಂಬ ಒಕ್ಕಲಿಗನ ವಿವೇಕ.

ಬಿತ್ತಿದರು. 2016ರಲ್ಲಿ ತಮಗಿದ್ದ ಎರಡನೆಯ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಹಲವು ಸರದಿಗಳನ್ನು ಪಡೆದರು. ಫಿಲಡೆಲ್ಫಿಯಾ ಅದರಿಂದ ಕಾರ್ಸನ್ ವೆಂಟ್ಸ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡಿತು. 2017ರಲ್ಲಿ ಹನ್ನೆರಡನೆಯ ಸರದಿಯನ್ನು ಹ್ಯೂಸ್ಟನ್‌ಗೆ ಬಿಟ್ಟರು. ಹ್ಯೂಸ್ಟನ್ ಡೆಶಾನ್ ವಾಟ್ಸನ್ ಎಂಬವನನ್ನು ತೆಗೆದುಕೊಂಡಿತು. ಅದೇ ಹ್ಯೂಸ್ಟನ್‌ಗೆ ಬೇಡವಾಗಿದ್ದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನನ್ನು, ಅವನ 1 ಕೋಟಿ 60 ಲಕ್ಷ ಡಾಲರ್ ಸಂಬಳದ ಹೊರೆಯ ಸಮೇತ, ತಾವು ಹೊತ್ತುಕೊಂಡರು. ಪ್ರತಿಫಲ ಮುಂದಿನ ವರ್ಷದ ಎರಡನೆಯ ಸುತ್ತಿನ ಸರದಿಯೊಂದು. ಅವನನ್ನು ಲೀಗಿನ ಒಂದು ಪಂದ್ಯದಲ್ಲಿಯೂ ಆಡಿಸದೆ ಬಿಟ್ಟುಬಿಟ್ಟರು. ಹಣ ಕೊಟ್ಟು ಭವಿಷ್ಯವನ್ನು ಕೊಂಡ ಈ ವ್ಯಾಪಾರ ಆ ಆಟದಲ್ಲಿ ಅಪೂರ್ವವಾದದ್ದು. ಈ ನಡುವೆ ಮೈದಾನದಲ್ಲಿ ನಡೆದದ್ದೇನು? 2016ರಲ್ಲಿ 16 ಪಂದ್ಯಗಳಿಗೆ ಒಂದು ಗೆಲುವು. 2017ರಲ್ಲಿ ಅದೂ ಇಲ್ಲ.

ಊರಿನಲ್ಲಿ ಚರ್ಚೆ ಕಾವೇರಿತು. ರೇಡಿಯೋದಲ್ಲಿ, ಪಾನಗೃಹಗಳಲ್ಲಿ, ಒಂದೇ ಮನೆಯ ಊಟದ ಮೇಜಿನ ಮೇಲೆ ಎರಡು ಪಕ್ಷ. ಮೊದಲ ಪಕ್ಷದವರ ವಾದ: ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅಲ್ಲಿ ಚೆಂಡೆಸೆಯುವವನೂ ಹೊಡೆಯುವವನೂ ಒಬ್ಬರಿಗೊಬ್ಬರು ಎದುರಾಗಿ ನಿಲ್ಲುತ್ತಾರೆ, ಅಂಥಲ್ಲಿ ಸರಾಸರಿಗೆ ಅರ್ಥವುಂಟು. ಹನ್ನೊಂದು ಜನ ಏಕಕಾಲಕ್ಕೆ ಚಲಿಸುವ, ವರ್ಷಕ್ಕೆ 16 ಪಂದ್ಯಗಳ ಆಟದಲ್ಲಿ ಒಬ್ಬನ ಯೋಗ್ಯತೆಯನ್ನು ಉಳಿದವರಿಂದ ಬಿಡಿಸಿ ಅಳೆಯುವುದು ಹೇಗೆ? ಎರಡನೆಯ ಪಕ್ಷದವರ ಉತ್ತರ: ಕಣ್ಣಂದಾಜನ್ನು ನಂಬಿ 1999ರಿಂದ ಸೋತದ್ದು ಸಾಲದೆ? ಒಬ್ಬ ವೈದ್ಯನ ಔಷಧ ಮುಗಿಯುವ ಮೊದಲೇ ಇನ್ನೊಬ್ಬನನ್ನು ಕರೆಯುವುದೇ ಈ ತಂಡದ ರೋಗ.

ಎರಡರಲ್ಲಿಯೂ ಸತ್ಯವಿದೆ. ಮೊದಲ ಪಕ್ಷದವರು ಮಾತಾಗಿ ಹೇಳಲಾರದೆ ಮೆರವಣಿಗೆಯಲ್ಲಿ ನಡೆದು ತೋರಿಸಿದ್ದು ಮಾತ್ರ ಈ ವಾದಕ್ಕಿಂತ ಆಳವಾದದ್ದೆಂದು ನನ್ನ ಭಾವನೆ. ಹೊಳೆಯ ಸರಾಸರಿ ಆಳವನ್ನು ಲೆಕ್ಕ ಹಾಕಿ ಸಂಸಾರವನ್ನು ದಾಟಿಸಹೊರಟು, ಮಕ್ಕಳೆಲ್ಲ ಮುಳುಗಿದಾಗ ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದು ಬೆರಗಾದ ಲೆಕ್ಕಿಗನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಕ್ಲೀವ್‌ಲೆಂಡಿನಲ್ಲಿ ಆಳದಲ್ಲಿ ನಿಂತವರು ಯಾರು? 2017ರಲ್ಲಿ ಕ್ವಾರ್ಟರ್‌ಬ್ಯಾಕಾಗಿದ್ದ ಡಿಶೋನ್ ಕೈಸರ್ 21 ವರ್ಷದ ಹುಡುಗ. ನೆರವಿಗೆ ಅನುಭವಸ್ಥರಿಲ್ಲದ ತಂಡದಲ್ಲಿ ಅವನು ಆರಂಭಿಸಿದ 15 ಪಂದ್ಯಗಳೂ ಸೋಲಾದವು. ಅವನ 22 ಎಸೆತಗಳು ಎದುರಾಳಿಗಳ ಕೈಸೇರಿದವು. 2018ರ ಬಳಿಕ ಅವನು ಲೀಗಿನ ಪಂದ್ಯವೊಂದರಲ್ಲೂ ಆಡಿದ್ದಿಲ್ಲ. ಇನ್ನೊಬ್ಬ ಜೋ ಥಾಮಸ್. 2007ರಿಂದ ಒಂದು ಸರದಿಯನ್ನೂ ತಪ್ಪಿಸದೆ 10,363 ಬಾರಿ ಎಡೆಬಿಡದೆ ಮೈದಾನದಲ್ಲಿ ನಿಂತು, 2017ರ ಅಕ್ಟೋಬರಿನಲ್ಲಿ ತೋಳಿನ ಸ್ನಾಯು ಹರಿದು, ಋತುವಿನ ಕೊನೆಯ ಘಟ್ಟದ ಪಂದ್ಯವೊಂದನ್ನೂ ಕಾಣದೆ ನಿವೃತ್ತನಾದ. ದೀರ್ಘಾವಧಿಯ ಯೋಜನೆಯಲ್ಲಿ ಇಂಥವರಿಗೆ ಒಂದು ಅಂಕಣವಿತ್ತೆ? 2018ರ ಸರದಿ ಎಂಬುದು ಕಚೇರಿಗೆ ಆಸ್ತಿ. ಕೈಸರನಿಗೆ, ಥಾಮಸನಿಗೆ, ಅರವತ್ತು ದಾಟಿದ ಅಭಿಮಾನಿಗೆ ಅದು ತಮ್ಮಿಂದ ಕಡ ತೆಗೆದ ಕಾಲ. ತರಬೇತುದಾರ ಹ್ಯೂ ಜ್ಯಾಕ್ಸನ್, ತಂಡ ಗೆಲ್ಲದಂತೆ ತನಗೆ ಆಮಿಷವೊಡ್ಡಲಾಗಿತ್ತೆಂಬ ಅರ್ಥ ಬರುವ ಮಾತುಗಳನ್ನು 2022ರಲ್ಲಿ ಆಡಿದ. ಲೀಗಿನ ವಿಚಾರಣೆಯಲ್ಲಿ ಅದಕ್ಕೆ ಆಧಾರ ಸಿಕ್ಕಲಿಲ್ಲ. ಬೇಕೆಂದೇ ಸೋಲುವುದಕ್ಕೂ, ಸೋತರೆ ನಷ್ಟವಿಲ್ಲವೆಂಬ ಲೆಕ್ಕವಿಟ್ಟುಕೊಂಡು ಆಡಲು ಕಳುಹಿಸುವುದಕ್ಕೂ ವ್ಯತ್ಯಾಸವುಂಟು, ನಿಜ. ಗ್ಯಾಲರಿಯಲ್ಲಿ ಕುಳಿತವನಿಗೆ ಅದು ಕಾಣಿಸುವುದು ಕಷ್ಟ.

2017ರ ಡಿಸೆಂಬರ್ 7ರಂದು ಶಾಶಿ ಬ್ರೌನನನ್ನು ತೆಗೆದುಹಾಕಿದರು. ಬಂದವನು ಜಾನ್ ಡಾರ್ಸಿ: ಹಿಂದೆ ಆಟಗಾರ, ಆಮೇಲೆ ಪಾರಖಿ, ಸಂಖ್ಯೆಗಿಂತ ಕಣ್ಣನ್ನು ನಂಬುವವನು. ಹಿಂದಿನವರು ನಿಜವಾದ ಆಟಗಾರರನ್ನು ತರಲೇ ಇಲ್ಲವೆಂದು ಬಂದ ತಿಂಗಳಲ್ಲೇ ರೇಡಿಯೋದಲ್ಲಿ ಆಡಿದ ಮಾತು ಊರಿನ ಅರ್ಧಕ್ಕೆ ಹಿಡಿಸಿತು. ಮೆರವಣಿಗೆ ಕಳೆದು ಒಂದು ತಿಂಗಳೊಳಗೆ, ಫೆಬ್ರುವರಿ 4ರಂದು ಫಿಲಡೆಲ್ಫಿಯಾ ರಾಷ್ಟ್ರದ ಪ್ರಶಸ್ತಿಯನ್ನೇ ಗೆದ್ದಿತು. ನೋಡಿದಿರಾ, ಆ ವೆಂಟ್ಸ್ ನಮ್ಮವನಾಗಬಹುದಿತ್ತು ಎಂದು ಜನ ಹಲ್ಲು ಕಡಿದರು. ಅಂದು ಆಡಿದವನು ವೆಂಟ್ಸ್ ಅಲ್ಲ, ಅವನು ಗಾಯಗೊಂಡಿದ್ದರಿಂದ ಬಂದ ಬದಲಿ ಆಟಗಾರ. ಮೂರು ವರ್ಷ ಕಳೆದು 2021ರಲ್ಲಿ ಫಿಲಡೆಲ್ಫಿಯಾ ಆ ವೆಂಟ್ಸನನ್ನೂ ಕೈಬಿಟ್ಟಿತು. ಅವನನ್ನು ಬಿಟ್ಟದ್ದು 2018ರಲ್ಲಿ ಮೂರ್ಖತನ, 2021ರಲ್ಲಿ ದೂರದೃಷ್ಟಿ! ಇಂಥ ತೀರ್ಪುಗಳನ್ನು ಯಾವ ದಿನ ಕೊಡಬೇಕೆಂಬುದನ್ನು ನಿಷ್ಕರ್ಷಿಸುವವರು ಯಾರೂ ಇಲ್ಲ.

ಬಿತ್ತಿದವನು ಹೋದಮೇಲೆ ಪೈರು ಬಂದಿತು. 2017ರ ಮೊದಲ ಸರದಿಯ ಮೈಲ್ಸ್ ಗ್ಯಾರೆಟ್, 2023ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿದವನು. ಹ್ಯೂಸ್ಟನ್‌ನಿಂದ ಬಂದ ಸರದಿಗಳಲ್ಲಿ ಡೆಂಜೆಲ್ ವಾರ್ಡ್ ಮತ್ತು ನಿಕ್ ಚಬ್ ಸಿಕ್ಕಿದರು. ಇದರಲ್ಲಿ ಚಬ್, ಆ ಬೇಡದ ಸಂಬಳವನ್ನು ಹೊತ್ತದ್ದರ ಫಲ. 2018ರ ಸೆಪ್ಟೆಂಬರ್ 20ರ ರಾತ್ರಿ ತಂಡ 635 ದಿನಗಳ ಮೇಲೆ ಒಂದು ಪಂದ್ಯ ಗೆದ್ದಿತು. ಮದ್ಯದ ಕಂಪನಿಯೊಂದು ಊರ ತುಂಬ ಬೀರಿನ ಪೆಟ್ಟಿಗೆಗಳನ್ನಿಟ್ಟು, ಗೆದ್ದ ದಿನವೇ ಬಾಗಿಲು ತೆರೆಯುವಂತೆ ಬೀಗ ಹಾಕಿತ್ತು. ಅಂದು ಬೀಗಗಳು ತೆರೆದವು. 2019ರ ಕಡೆಯ ದಿನ ಡಾರ್ಸಿಯೂ ಹೋದ. ಸಂಖ್ಯಾಪಕ್ಷದ ಆಂಡ್ರ್ಯೂ ಬೆರಿ ಮ್ಯಾನೇಜರಾದ, ಕೆವಿನ್ ಸ್ಟಿಫಾನ್ಸ್ಕಿ ತರಬೇತುದಾರನಾದ. 2021ರ ಜನವರಿಯಲ್ಲಿ ಹಗೆಯ ತಂಡವಾದ ಪಿಟ್ಸ್‌ಬರ್ಗನ್ನು ಅದರ ನೆಲದಲ್ಲೇ 48-37ರಿಂದ ಸೋಲಿಸಿದರು. ಅಂತಿಮ ಘಟ್ಟದಲ್ಲಿ ಅಂಥ ಗೆಲುವು 1995ರ ಜನವರಿಯಿಂದೀಚೆಗೆ ಇದೇ ಮೊದಲು. ವಾದ ಮುಗಿಯಿತೆಂದು ಎರಡನೆಯ ಪಕ್ಷದವರು ನಿಟ್ಟುಸಿರು ಬಿಟ್ಟರು.

2022ರ ಮಾರ್ಚಿಯಲ್ಲಿ ಅದೇ ಕಚೇರಿ ತನ್ನ ಗಣಿತವನ್ನೆಲ್ಲ ಗಾಳಿಗೆ ತೂರಿತು. ಐದು ವರ್ಷಗಳ ಹಿಂದೆ ತಾನೇ ಬಿಟ್ಟುಕೊಟ್ಟ ಸರದಿಯಲ್ಲಿ ಹ್ಯೂಸ್ಟನ್ ಆರಿಸಿಕೊಂಡಿದ್ದ ಡೆಶಾನ್ ವಾಟ್ಸನನನ್ನು, ಮೊದಲ ಸುತ್ತಿನ ಮೂರು ಸರದಿಗಳನ್ನೂ ಬೇರೆ ಕೆಲವನ್ನೂ ತೆತ್ತು ಕೊಂಡಿತು. ಐದು ವರ್ಷಕ್ಕೆ 23 ಕೋಟಿ ಡಾಲರ್. ಆಡಲಿ, ಆಡದಿರಲಿ, ಪೂರ್ತಿ ಖಾತರಿ. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಹಿಳೆಯರು ಆತನ ಮೇಲೆ ಲೈಂಗಿಕ ದುರ್ವರ್ತನೆಯ ದಾವೆ ಹೂಡಿದ್ದರು. ಆತ ಅಲ್ಲಗಳೆದ; ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ; ಲೀಗು ಆತನನ್ನು 11 ಪಂದ್ಯಗಳಿಂದ ಹೊರಗಿಟ್ಟು 50 ಲಕ್ಷ ಡಾಲರ್ ದಂಡ ವಿಧಿಸಿತು. ತಲೆತಲಾಂತರದಿಂದ ತಂಡಕ್ಕೆ ಅಂಟಿಕೊಂಡಿದ್ದ ಎಷ್ಟೋ ಮನೆಗಳಲ್ಲಿ, ಮುಖ್ಯವಾಗಿ ಹೆಂಗಸರು, ಕಿತ್ತಳೆ ಬಣ್ಣದ ಅಂಗಿಯನ್ನು ಮಡಿಚಿಟ್ಟದ್ದು ಆಗ. ಸೋಲು ಮಾಡಲಾರದ್ದನ್ನು ಈ ವ್ಯಾಪಾರ ಮಾಡಿತು. ಆಟದ ಲೆಕ್ಕದಲ್ಲಾದರೂ ಲಾಭವಾಯಿತೆ? ಮೊದಲ ಮೂರು ಋತುಗಳ 51 ಪಂದ್ಯಗಳಲ್ಲಿ ಆತ ಆಡಿದ್ದು 19. 2024ರಲ್ಲಿ ತಂಡ 17ರಲ್ಲಿ 14ನ್ನು ಸೋತಿತು. ಮರುವರ್ಷ ಮಾಲೀಕನೇ ಅದು ಗುರಿ ತಪ್ಪಿದ ದೊಡ್ಡ ಹೊಡೆತವೆಂದು ಒಪ್ಪಿಕೊಂಡ.

ಅಂಕಿ ಅಂಶಗಳೇ ತಂಡವನ್ನು ಕೆಡಿಸಿದುವೆಂದು ಈಗಲೂ ವಾದಿಸುವವರಿದ್ದಾರೆ. ನನಗೆ ಕಾಣುವುದು ಬೇರೆ. ನಮಗೆ ತಿಳಿಯದು, ಆದ್ದರಿಂದ ಒಬ್ಬನ ಮೇಲೆ ಎಲ್ಲವನ್ನೂ ಪಣವೊಡ್ಡಬಾರದು ಎಂಬುದೇ ಆ ಶಾಸ್ತ್ರದ ಮೊದಲ ಪಾಠವಾಗಿತ್ತು. ಜನರಿಂದ ಎರಡು ವರ್ಷಗಳ ಅವಮಾನವನ್ನು ಕಡ ಪಡೆದು ಕಲಿತ ಆ ಪಾಠವನ್ನು, ಅಲಂಕಾರಕ್ಕೆಂಬಂತೆ ಗೋಡೆಗೆ ತೂಗುಹಾಕಿ, ಕಚೇರಿ ಪುನಃ ಪಾರಖಿಯ ಹಳೆಯ ಭ್ರಮೆಗೇ ಮರಳಿತು: ಈ ಒಬ್ಬನನ್ನು ನಾವು ಬಲ್ಲೆವು ಎಂಬ ಭ್ರಮೆಗೆ.

ಹತ್ತು ವರ್ಷಗಳಲ್ಲಿ ಬಂದು ಹೋದವರೆಲ್ಲರ ನಡುವೆ ಕದಲದೆ ಉಳಿದಿದ್ದ ಡಿಪೊಡೆಸ್ಟಾ 2025ರ ನವೆಂಬರಿನಲ್ಲಿ ಕ್ಲೀವ್‌ಲೆಂಡ್ ಬಿಟ್ಟು ಬೇಸ್‌ಬಾಲಿಗೇ ಹಿಂದಿರುಗಿದ, ಕೊಲೊರಾಡೋ ರಾಕೀಸ್ ತಂಡದ ಅಧ್ಯಕ್ಷನಾಗಿ. ಆ ತಂಡ ಆ ವರ್ಷದ 162 ಪಂದ್ಯಗಳಲ್ಲಿ 119ನ್ನು ಸೋತಿತ್ತು. ಹೊಸ ಯೋಜನೆಗೆ ಕೆಲವು ವರ್ಷಗಳ ತಾಳ್ಮೆ ಬೇಕಾದೀತೆಂದು ಡೆನ್ವರಿನ ಅಭಿಮಾನಿಗಳು ಈಗ ತಮ್ಮ ತಮ್ಮಲ್ಲೇ ವಾದಿಸತೊಡಗಿರಬೇಕು.