ಅಬ್ಬಾ ‘ಈಸ್’ ಯಾಕೆ, ‘ಆರ್’ ಯಾಕಲ್ಲ?

ಸಿರುಗುಪ್ಪದಲ್ಲಿ ಹೈಸ್ಕೂಲು ಓದುತ್ತಿದ್ದಾಗ ಒಂದು ದಿನ ಇಂಗ್ಲಿಷ್ ಪೀರಿಯಡ್‌ನಲ್ಲಿ ಎದ್ದು ನಿಂತು ‘ಮೈ ಫಾದರ್ ಆರ್ ಎ ಟೇಲರ್’ ಎಂದೆ. ಇಡೀ ಕ್ಲಾಸು ನಕ್ಕಿತು. ಆ ವರ್ಷವೆಲ್ಲ ಮತ್ತೆ ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ.

ತಪ್ಪು ನನ್ನದೇ. ಆದರೆ ಅದು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ‘ಅಬ್ಬಾ ಆಯಾ’ ಎನ್ನುವುದಿಲ್ಲ, ‘ಅಬ್ಬಾ ಆಯೆ’ ಎನ್ನುತ್ತೇವೆ. ಕನ್ನಡದಲ್ಲೂ ‘ಸರ್ ಬಂದ’ ಎಂದು ನೋಡಿ, ಏನಾಗುತ್ತದೆಂದು ಗೊತ್ತಾಗುತ್ತದೆ! ಇರುವುದು ಒಬ್ಬರೇ ಆದರೂ ಗೌರವಕ್ಕೆ ಬಹುವಚನ. ಹಾಗಾಗಿ ‘ಈಸ್’ ಎಂದರೆ ಅಬ್ಬಾ ಅವರನ್ನು ಏಕವಚನದಲ್ಲಿ ಕರೆದ ಹಾಗೆ ನನಗೆ ಅನಿಸಿತ್ತು. ಇಂಗ್ಲಿಷಿಗೂ ಈ ಅಭ್ಯಾಸ ಇತ್ತು. ಅಲ್ಲಿ ನೀನು ಎನ್ನಲು ‘ದೌ’ ಎಂಬ ಪದವಿತ್ತು. ಅದು ಮೂಲೆಗೆ ಸರಿದು, ಒಬ್ಬರಿಗೂ ‘ಯೂ ಆರ್’ ಎಂಬ ಬಹುವಚನವೇ ಉಳಿದಿದೆ. ‘ಹೀ’, ‘ಶೀ’ಗಳಿಗೆ ಮಾತ್ರ ಆ ಗೌರವ ಸಿಗಲಿಲ್ಲ.

‘ಶೀ ಡೋಂಟ್ ನೋ’ ಎಂಬ ತಪ್ಪಿಗೂ ಇಂಥದೇ ಕಾರಣ ಇರಬೇಕು. ನಾನು ಬರಲ್ಲ, ಅವಳು ಬರಲ್ಲ, ಅವರು ಬರಲ್ಲ: ‘ಇಲ್ಲ’ ಎನ್ನುವಾಗ ಕನ್ನಡದ ಕ್ರಿಯಾಪದ ಬದಲಾಗುವುದೇ ಇಲ್ಲ.

ಉಳಿದ ಕಡೆ ನಮ್ಮದೇ ಕಷ್ಟದ ವ್ಯಾಕರಣ. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ. ಇಷ್ಟನ್ನೂ ಶಾಲೆಗೆ ಸೇರುವ ಮೊದಲೇ ಕಲಿತವರು ನಾವು. ಬಳ್ಳಾರಿಯ ಬಜಾರಿನಲ್ಲಿ ತೆಲುಗೂ ಕಿವಿಗೆ ಬೀಳುತ್ತದೆ. ಅಲ್ಲಿ ಹುಡುಗ ‘ವಚ್ಚಾಡು’, ಹುಡುಗಿಗೂ ಹಸುವಿಗೂ ಒಂದೇ ‘ವಚ್ಚಿಂದಿ’. (ಇದರ ಬಗ್ಗೆ ಹುಡುಗಿಯರು ಬೇರೆ ಲೇಖನ ಬರೆಯಬಹುದು.) ಇಷ್ಟೆಲ್ಲ ನಿಭಾಯಿಸುವವರಿಗೆ ‘ಕಮ್’, ‘ಕಮ್ಸ್’ ಎಂಬ ಎರಡು ರೂಪ ದೊಡ್ಡದಲ್ಲ. ತೊಡಕು ‘ಎಸ್’ ಅಕ್ಷರದ್ದು. ನಾಮಪದಕ್ಕೆ ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ.

ಪರೀಕ್ಷೆಯಲ್ಲಿ ಎಲ್ಲರನ್ನೂ ಬೀಳಿಸುವ ‘ಒನ್ ಆಫ್ ದ ಬಾಯ್ಸ್’ಗೆ ಉತ್ತರ ಕನ್ನಡದಲ್ಲೇ ಇದೆ. ‘ಹುಡುಗರಲ್ಲಿ ಒಬ್ಬ ಬಂದರು’ ಎಂದು ಯಾರಾದರೂ ಹೇಳುತ್ತಾರೆಯೇ? ‘ಬಂದ’ ಎನ್ನುತ್ತೇವೆ. ಹಾಗಾದರೆ ಅಲ್ಲಿ ‘ಈಸ್’. ಈ ಒಂದು ಸಾಲನ್ನು ಯಾರಾದರೂ ಹೇಳಿಕೊಟ್ಟಿದ್ದರೆ ನನಗೆ ಎಷ್ಟೋ ಅಂಕ ಉಳಿಯುತ್ತಿತ್ತು.

ಜೂನ್‌ನಲ್ಲಿ ಕನ್ನಡ, ಉರ್ದು ಮಾಧ್ಯಮದಿಂದ ಹೊಸಬರು ನಮ್ಮ ಕಾಲೇಜಿಗೆ ಬರುತ್ತಾರೆ. ಅವರಿಗೆ ಮೊದಲ ವಾರ ಇಂಗ್ಲಿಷ್ ಸೂತ್ರ ಬರೆಸುವ ಬದಲು, ಮನೆಯಲ್ಲಿ ಅಬ್ಬಾ ಬಂದಾಗ, ಅಪ್ಪ ಬಂದಾಗ ಏನೆನ್ನುತ್ತೀರಿ ಎಂದು ಕೇಳಿ ಅಲ್ಲಿಂದ ಪಾಠ ಶುರು ಮಾಡಿ ಎಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ಹಿಂದಿನ ಬೆಂಚಿನ ಗೆಳೆಯರಲ್ಲೂ ಒಂದು ವಿನಂತಿ: ಆಗ ನಗಬೇಡಿ.