ಅವ್ವ ಹೊತ್ತಿದ್ದನ್ನು ಮೊಮ್ಮಗಳು ಓದ್ತಿದ್ದಾಳೆ

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಪಿಯುಸಿ ಸೈನ್ಸ್ ಮುಗಿಸಿದ ನಮ್ಮಕ್ಕನ ಮಗಳು ಎರಡು ವರ್ಷದ ಹಿಂದೆ ಲ್ಯಾಬ್ ಟೆಕ್ನಾಲಜಿ ಡಿಗ್ರಿ, ಅದೇ ಬಿ.ಎಸ್ಸಿ ಎಂಎಲ್‌ಟಿ, ಸೇರ್ತೀನಿ ಅಂದಾಗ ಮನೇಲಿ ದೊಡ್ಡ ಜಗಳ ಆಯ್ತು. ಜಗಳ ತೆಗೆದವಳು ನಮ್ಮವ್ವ. "ಅಲ್ಲೇನು ಕಲಿಸ್ತಾರೆ?" ಅಂದಳು. "ಕಫ, ರಕ್ತ, ಮೂತ್ರ, ಮಲ ಟೆಸ್ಟ್ ಮಾಡೋದು ಅಜ್ಜಿ" ಅಂತು ಹುಡುಗಿ. ಅವ್ವನ ಮುಖ ಕಪ್ಪಿಟ್ಟಿತು. "ನಾನು ಹೊತ್ತಿದ್ದು ಸಾಲ್ದಾ? ಇಷ್ಟು ಓದಿಸಿ ಮತ್ತೆ ಅದನ್ನೇ ಮುಟ್ಟಿಸ್ತೀರಾ?"

ಅವ್ವನ ಸಿಟ್ಟು ಸುಮ್ಮನೆ ಬಂದದ್ದಲ್ಲ. 70ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನು ನಿಷೇಧಿಸಿದರಲ್ಲ, ಅದಕ್ಕೂ ಮೊದಲು ಅವಳು ತನ್ನ ತಾಯಿ ಜೊತೆ ಬಕೆಟ್ ಹಿಡಿದು ಊರವರ ಹಿತ್ತಲ ಬಾಗಿಲಿಗೆ ಹೋದವಳು. ನಾನು ಬಿ.ಎ. ಓದಿ ಆಫೀಸಲ್ಲಿ ಫೈಲ್ ನೋಡೋನು. ಆವತ್ತು ನನಗೂ ಉತ್ತರ ಹೊಳೀಲಿಲ್ಲ.

ಹೋದ ರಜೆಗೆ ಬಂದಾಗ ಹುಡುಗಿ ನನ್ನ ಕೂರಿಸಿಕೊಂಡು ಟಿ.ಬಿ. ಪರೀಕ್ಷೆ ಹೇಗೆ ಮಾಡ್ತಾರೆ ಅಂತ ಹೇಳಿದಳು. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಬರೀ ಎಂಜಲು ಕೊಟ್ಟರೆ ರೋಗ ಇದ್ದರೂ ಸಿಗದೆ ಹೋಗಬಹುದು. ಕಫವನ್ನು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಹರಡಿ, ಕೆಂಪು ಬಣ್ಣ ಹಾಕಿ ಕಾಯಿಸ್ತಾರೆ. ಆಮೇಲೆ ಆಸಿಡ್‌ನಲ್ಲಿ ತೊಳೀತಾರೆ. ಮಿಕ್ಕಿದ್ದೆಲ್ಲ ಬಣ್ಣ ಬಿಡುತ್ತೆ, ಮೇಣದಂಥ ಪದರ ಇರೋ ಟಿ.ಬಿ. ಬ್ಯಾಕ್ಟೀರಿಯಾ ಮಾತ್ರ ಬಿಡಲ್ಲ. ಮೇಲೆ ನೀಲಿ ಹಾಕಿ ನೋಡಿದರೆ, "ನೀಲಿ ಮಧ್ಯೆ ಕೆಂಪು ಕಡ್ಡಿ ಥರ ಕಾಣುತ್ತೆ ಮಾಮ."

ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇದ್ದರಷ್ಟೇ ಹೀಗೆ ಕಣ್ಣಿಗೆ ಬೀಳೋದಂತೆ. ಅಂದರೆ 'ನೆಗೆಟಿವ್' ಅಂತ ಬರೆದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಕಲ್ಚರ್ ಇಟ್ಟು ಬೆಳೆಸಿದರೆ ಕಡಿಮೆ ಇದ್ದರೂ ಗೊತ್ತಾಗುತ್ತೆ, ಆದರೆ ವಾರಗಟ್ಟಲೆ ಕಾಯಬೇಕು. ಈಗಿನ ಸಿಬಿನ್ಯಾಟ್ ಮಶೀನು ಸುಮಾರು ಎರಡು ಗಂಟೆಯಲ್ಲಿ ರೋಗ ಇದೆಯೋ ಇಲ್ಲವೋ ಅನ್ನೋದರ ಜೊತೆಗೆ ರಿಫಾಂಪಿಸಿನ್ ಔಷಧಿ ನಾಟುತ್ತೋ ಇಲ್ಲವೋ ಅನ್ನೋದನ್ನೂ ಹೇಳುತ್ತೆ.

ಅವಳು ಹೇಳ್ತಾ ಇದ್ದರೆ ನನಗೆ ನಮ್ಮಪ್ಪ ನೆನಪಾದ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಮೂರು ತಿಂಗಳು ಕೆಮ್ಮಿದ. ತೋರಿಸಿದ ಕ್ಲಿನಿಕ್‌ನಲ್ಲಿ ಪ್ರತಿ ಸಲ ದೂರ ನಿಲ್ಲಿಸಿಯೇ ಮಾತಾಡಿಸಿದರು, ಪ್ರತಿ ಸಲ ಒಂದು ಸಿರಪ್ ಬಾಟಲಿ ಕೊಟ್ಟರು. ಕಫ ಟೆಸ್ಟ್ ಮಾಡಿಸಿ ಅಂತ ಒಬ್ಬರೂ ಹೇಳಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಟಿ.ಬಿ. ಅಂತ ಗೊತ್ತಾಗೋ ಹೊತ್ತಿಗೆ ಕೈ ಮೀರಿತ್ತು.

"ಜನಕ್ಕೆ ತಿಳುವಳಿಕೆ ಇಲ್ಲ" ಅನ್ನೋದು ಇಂಥ ಸಾವುಗಳಿಗೆ ಸಿಗೋ ರೆಡಿಮೇಡ್ ಉತ್ತರ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯ್ತು. ಟಿ.ಬಿ. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣ ಗೊತ್ತಿತ್ತು, ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ! ನಮ್ಮಪ್ಪನಿಗೆ ಸಿಕ್ಕಿದ್ದೂ ಅದೇ ಬಾಟಲಿ. ತಿಳುವಳಿಕೆ ಇಲ್ಲದೆ ಇದ್ದದ್ದು ಯಾರಿಗೆ, ನೀವೇ ಹೇಳಿ.

ಈಗ ಅವ್ವನ ಪ್ರಶ್ನೆಗೆ ಬರ್ತೀನಿ. ರಾಬರ್ಟ್ ಕಾಖ್ ಟಿ.ಬಿ. ಬ್ಯಾಕ್ಟೀರಿಯಾ ಕಂಡುಹಿಡಿದಿದ್ದನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. 1905ರಲ್ಲಿ ಅವರಿಗೆ ನೊಬೆಲ್ ಬಂತು. ರೋಗಿಗಳ ಕಫ, ಮಲ ಇಟ್ಟುಕೊಂಡು ಕೂತವರನ್ನು ಜಗತ್ತು ವಿಜ್ಞಾನಿ ಅಂತು. ಅದೇ ಮಲ ಹೊತ್ತ ನಮ್ಮವ್ವನನ್ನು ಊರು ಹೊರಗಿಟ್ಟಿತು. ಹಾಗಾದರೆ ಮೈಲಿಗೆ ಮಲದಲ್ಲಿ ಇರಲಿಲ್ಲ. ಅವ್ವನಿಗೆ ಗ್ಲೌಸ್ ಇರಲಿಲ್ಲ, ಓದಿರಲಿಲ್ಲ, ಒಲ್ಲೆ ಅನ್ನೋ ಹಕ್ಕೂ ಇರಲಿಲ್ಲ. ಮೊಮ್ಮಗಳು ತಾನೇ ಆರಿಸಿಕೊಂಡು ಹೋಗಿದ್ದಾಳೆ. ಅವಳ ಮಾತಿಗೆ ಒಂದು ಜೀವ ಉಳಿಯಬಹುದು. ಎರಡೂ ಒಂದೇ ಅಲ್ಲ.

ನಾನು ಕಂಡ ಲ್ಯಾಬುಗಳಲ್ಲಿ ನಮ್ಮವರು ಇಲ್ಲ ಅಂತಲ್ಲ. ಗಾಜು ತೊಳೆಯೋರು, ಕಸ ಎತ್ತೋರು ನಮ್ಮವರೇ. ಮೈಕ್ರೋಸ್ಕೋಪ್ ಮುಂದೆ, ರಿಪೋರ್ಟಿಗೆ ಸಹಿ ಹಾಕೋ ಕುರ್ಚಿ ಮೇಲೆ ಎಷ್ಟು ಜನ ಇದ್ದಾರೆ? ಎಂಎಲ್‌ಟಿ ಇರಲಿ, ಎಂ.ಬಿ.ಬಿ.ಎಸ್. ಆದಮೇಲೆ ಎಂ.ಡಿ. ಮೈಕ್ರೋಬಯಾಲಜಿ ಇರಲಿ, ಹೋಗ್ತೀನಿ ಅನ್ನೋ ಮಕ್ಕಳನ್ನು "ಥೂ ಗಲೀಜು" ಅಂತ ತಡೀಬೇಡಿ. ಸಂಘಟನೆಯವರು ಹಾಸ್ಟೆಲ್‌ಗಳಲ್ಲಿ ಬಾಬಾಸಾಹೇಬರ ಜಯಂತಿ ಮಾಡುವಾಗ ಈ ಕೋರ್ಸುಗಳ ಬಗ್ಗೆಯೂ ಒಂದು ತಾಸು ಮಾತಾಡಿ. ಲ್ಯಾಬ್ ಹುದ್ದೆಗಳನ್ನು ಗುತ್ತಿಗೆಗೆ ಬಿಡದೆ, ಮೀಸಲಾತಿ ಪ್ರಕಾರ ಕಾಯಂ ಆಗಿ ತುಂಬಿ ಅಂತ ಕೇಳೋಣ. ಮತ್ತೆ, ಕೆಮ್ಮು ಎರಡು ವಾರ ದಾಟಿದರೆ ಸಿರಪ್ ಬೇಡ, ಕಫದ ಪರೀಕ್ಷೆ ಬರೆದುಕೊಡಿ ಅಂತ ಗಟ್ಟಿಯಾಗಿ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಹೋದ ತಿಂಗಳು ಅವ್ವನಿಗೇ ಕೆಮ್ಮು ಹಿಡಿದಿತ್ತು. ಹದಿನೈದನೇ ದಿನ ಅವಳೇ ಮೊಮ್ಮಗಳಿಗೆ ಫೋನ್ ಮಾಡಿಸಿ ಕೇಳಿದಳು: "ಬೆಳಿಗ್ಗೆದೇ ಕೊಡಬೇಕು ಅಲ್ವೇನೇ?"

ಟೆಸ್ಟ್‌ನಲ್ಲಿ ಏನೂ ಸಿಗಲಿಲ್ಲ, ಕೆಮ್ಮೂ ವಾಸಿಯಾಯ್ತು. ಜಗಳವೂ ಅಲ್ಲಿಗೆ ಮುಗೀತು.

ಜೈ ಭೀಮ್.