ಅವಕಾಶ ಲಕ್ಷ, ಸೇರಿದವರು ಸಾವಿರ: ಕಂಪನಿ ತರಬೇತಿ ಎಡವಿದ್ದೆಲ್ಲಿ?

ಉದ್ಯೋಗದಾತರನ್ನೇ ತರಬೇತಿಯಲ್ಲಿ ಪಾಲುದಾರರನ್ನಾಗಿ ಮಾಡಿದರೆ ಬಡ ಕುಟುಂಬಗಳ ಯುವಜನರಿಗೆ ಕೆಲಸದ ಬಾಗಿಲು ತೆರೆಯುತ್ತದೆ ಎಂಬುದು ಸರ್ಕಾರಗಳ ಬಹುಕಾಲದ ನಂಬಿಕೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದೆ. ಮೊದಲ ಸುತ್ತಿನಲ್ಲಿ ಕಂಪನಿಗಳು ಮುಂದಿಟ್ಟ ಅವಕಾಶಗಳು ಸುಮಾರು 1.27 ಲಕ್ಷ. ಅಭ್ಯರ್ಥಿಗಳಿಗೆ ಹೋದ ಆಹ್ವಾನಗಳು 82 ಸಾವಿರ. ಒಪ್ಪಿದವರು ಸುಮಾರು 28 ಸಾವಿರ. ತರಬೇತಿಗೆ ಸೇರಿದವರು ಸುಮಾರು 8,700 ಮಾತ್ರ!

ಐದು ವರ್ಷಗಳಲ್ಲಿ ದೇಶದ 500 ಅಗ್ರ ಕಂಪನಿಗಳಲ್ಲಿ ಒಂದು ಕೋಟಿ ಯುವಜನರಿಗೆ ತರಬೇತಿ ಎಂಬುದು 2024ರ ಜುಲೈ ಬಜೆಟ್‌ನ ಘೋಷಣೆಯಾಗಿತ್ತು. 21ರಿಂದ 24 ವರ್ಷದೊಳಗಿನವರು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದವರು ಅರ್ಹರು ಎಂದು ಮೊದಲ ಸುತ್ತಿನಲ್ಲಿ ನಿಗದಿಪಡಿಸಲಾಗಿತ್ತು. ಆಗ ತರಬೇತಿ ಅವಧಿ 12 ತಿಂಗಳಾಗಿತ್ತು. ಮಾಸಿಕ ಭತ್ಯೆ 5,000 ರೂಪಾಯಿ ಇತ್ತು. ಇದರಲ್ಲಿ ಸರ್ಕಾರದ ಪಾಲು 4,500, ಕಂಪನಿಯ ಪಾಲು 500 ಆಗಿತ್ತು.

ಅಡ್ಡಿಯಾದ ದೂರ

ಊರಿನಿಂದ ದೂರ, ವಸತಿಯ ತೊಂದರೆ, ದೀರ್ಘ ಅವಧಿ - ಅಭ್ಯರ್ಥಿಗಳು ಹಿಂದೆ ಸರಿಯಲು ಇವು ಮುಖ್ಯ ಕಾರಣಗಳಾದವು. ಇದರಲ್ಲಿ ಅಚ್ಚರಿಯೇನೂ ಇಲ್ಲ. ರಾಯಚೂರು ಅಥವಾ ಕಲಬುರಗಿಯ ಹಳ್ಳಿಯಿಂದ ಬೆಂಗಳೂರಿಗೆ ಬರುವವರಿಗೆ ಕೊಠಡಿ ಬಾಡಿಗೆ, ಊಟ, ಬಸ್ ಖರ್ಚು ಸೇರಿದರೆ ಐದು ಸಾವಿರ ಸಾಲದು. ಜತೆಗೆ ಊರಿನಲ್ಲೇ ದುಡಿದು ಮನೆಗೆ ತರುತ್ತಿದ್ದ ಕೂಲಿಯೂ ತಪ್ಪುತ್ತದೆ. ವರ್ಷ ಕಳೆದ ಮೇಲೆ ಕೆಲಸ ಕೊಡಲೇಬೇಕೆಂಬ ಷರತ್ತೂ ಕಂಪನಿಗಳಿಗಿಲ್ಲ. ಉಳ್ಳವರ ಮನೆಯ ಮಕ್ಕಳಿಗೆ ಇದು ಅನುಭವ. ಇಲ್ಲದವರಿಗೆ ಸಾಲದ ಬಾಬತ್ತು.

ಕಂಪನಿಗಳ ಆಯ್ಕೆಯ ಮಾನದಂಡವನ್ನೂ ಇಲ್ಲಿ ಗಮನಿಸಬೇಕು. ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಮೂರು ವರ್ಷಗಳಲ್ಲಿ ಮಾಡಿದ ಸರಾಸರಿ ವೆಚ್ಚವೇ ಈ ಪಟ್ಟಿಗೆ ಆಧಾರ. ಯಾವ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಕೈಗಳು ಬೇಕಾಗಿವೆ ಎಂಬುದು ಈ ಪಟ್ಟಿಯಿಂದ ತಿಳಿಯದು.

ರಾಜ್ಯದಲ್ಲೇ ಇರುವ ಮಾದರಿ

ಇದಕ್ಕಿಂತ ಭಿನ್ನವಾದ ಮಾರ್ಗ ಕರ್ನಾಟಕಕ್ಕೆ ಹೊಸದಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ನಾಲ್ಕು ವರ್ಷಗಳ ಡಿಪ್ಲೊಮಾದಲ್ಲಿ ಕೊನೆಯ ವರ್ಷ ಕಾರ್ಖಾನೆಯಲ್ಲೇ ಕಲಿಕೆ. ಕೇಂದ್ರವು ಉದ್ಯಮಗಳಿಗೆ ಅಚ್ಚು, ಉಪಕರಣಗಳನ್ನೂ ತಯಾರಿಸಿಕೊಡುವುದರಿಂದ ಕಲಿಕೆಗೂ ಮಾರುಕಟ್ಟೆಗೂ ನಂಟು ಉಳಿದಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜತೆಗೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯದು ಸ್ವಉದ್ಯೋಗದ ದಾರಿ. ಅಲ್ಲಿ ತರಬೇತಿ, ಊಟ, ವಸತಿ ಉಚಿತ. ನಂತರ ಸಾಲದ ನೆರವು, ನಿಗಾ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಕಲಿಯುವವರ ಯಶಸ್ಸಿನಲ್ಲಿ ಕಲಿಸುವವರಿಗೂ ಪಾಲಿದೆ ಎಂಬುದೇ ಈ ಎರಡರ ನಡುವಿನ ಸಾಮ್ಯ.

ಕಾನೂನಿನ ಆಸರೆಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅದಕ್ಕಿಂತ ಚಿಕ್ಕ ಘಟಕಗಳಿಗೆ ಇದು ಐಚ್ಛಿಕ. ಆದರೆ ಪೀಣ್ಯದ ಯಂತ್ರಾಗಾರಗಳು, ಬೆಳಗಾವಿಯ ಫೌಂಡ್ರಿಗಳು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಹುಪಾಲು ಚಿಕ್ಕವೇ. ಪ್ರತ್ಯೇಕವಾಗಿ ತರಬೇತಿ ಕೊಡುವ ಶಕ್ತಿ ಇವುಗಳಿಗೆ ಕಡಿಮೆ. ಅವುಗಳ ಸಂಘಗಳನ್ನು ಸಮೀಪದ ಐಟಿಐ ಜತೆ ಜೋಡಿಸಿ ಪಠ್ಯ, ಯಂತ್ರ, ನೇಮಕಾತಿ ಮೂರರಲ್ಲೂ ಮಾತು ಪಡೆದರೆ ತರಬೇತಿ ಊರಿನ ಬಳಿಯೇ ಸಿಗಬಲ್ಲದು. ದೂರ ಹೋಗಲೇಬೇಕಾದವರಿಗೆ, ಅದರಲ್ಲೂ ಯುವತಿಯರಿಗೆ, ಹಾಸ್ಟೆಲ್ ಬೇಕು.

ಎಷ್ಟು ಕಂಪನಿ ಕೈಜೋಡಿಸಿದವು, ಎಷ್ಟು ಸೀಟು ಘೋಷಣೆಯಾದವು ಎಂಬುದರಿಂದ ಇಂಥ ಯೋಜನೆಗಳನ್ನು ಅಳೆಯುವ ರೂಢಿ ಇನ್ನಾದರೂ ಬದಲಾಗಬೇಕು. ತರಬೇತಿ ಮುಗಿದು ಒಂದು ವರ್ಷದ ಬಳಿಕ ಎಷ್ಟು ಮಂದಿ ಸಂಬಳದ ಕೆಲಸದಲ್ಲಿದ್ದಾರೆ ಎಂಬ ಲೆಕ್ಕ ಜಿಲ್ಲಾವಾರು ಹೊರಬಂದಾಗಲೇ ಸಹಭಾಗಿತ್ವ ಎಂಬ ಮಾತಿಗೆ ಬೆಲೆ.